ಲಾಲ್ ದಿಘಿಯ ಸುತ್ತಮುತ್ತ: ಕಛೇರಿ, ವಸತಿ, ಅಂಗಡಿಗಳ ಸಮತೋಲನವನ್ನು ಕುರಿತು ಒಂದು ವಿಮರ್ಶೆ

ನಗರವೊಂದರ ನಡುಪೇಟೆಯನ್ನು ಕುರಿತು ಮಾತನಾಡಹೊರಡುವವನು ಅದನ್ನು ಎರಡು ಹೊತ್ತಿನಲ್ಲಾದರೂ ಕಂಡಿರಬೇಕು. ಕಲ್ಕತ್ತೆಯ ಬಿ.ಬಿ.ಡಿ. ಬಾಗನ್ನು ಬೆಳಗಿನ ಹತ್ತೂವರೆ ಗಂಟೆಗೆ ಮಾತ್ರ ಕಂಡವನಿಗೆ, ಭರತಖಂಡದಲ್ಲಿ ಇದಕ್ಕಿಂತ ಜೀವಕಳೆಯಿಂದ ತುಂಬಿದ ಚೌಕ ಮತ್ತೊಂದಿರಲಾರದೆಂದೇ ತೋರುತ್ತದೆ. ಹೌರಾ ನಿಲ್ದಾಣದಲ್ಲಿಳಿದು, ಲಾಂಚಿನಲ್ಲಿ ಹೂಗ್ಲಿಯನ್ನು ದಾಟಿ, ಫೇರ್ಲಿ ಘಟ್ಟವನ್ನೇರಿ ಬರುವ ಗುಮಾಸ್ತರ ಪ್ರವಾಹ ಒಂದು ಕಡೆ. ಬಸ್ಸುಗಳಿಂದ ಧುಮುಕುವವರು ಮತ್ತೊಂದು ಕಡೆ. ಇವರೆಲ್ಲರ ನಡುವೆ ಆಗಲೇ ಒಲೆ ಹೊತ್ತಿಸಿ ಪೂರಿ ಕರಿಯುವ ಬೀದಿಯ ಬಾಣಸಿಗರು. ಅದೇ ಚೌಕವನ್ನು ರಾತ್ರಿ ಒಂಬತ್ತಕ್ಕೆ ನೋಡಿದರೆ ಪ್ರೇಕ್ಷಕರು ಎದ್ದುಹೋದ ನಾಟಕಶಾಲೆಯ ನೆನಪಾಗುತ್ತದೆ. ಕಂಬಸಾಲುಗಳ ಅಡಿಯಲ್ಲಿ ಹಾಸಿಗೆ ಬಿಚ್ಚುತ್ತಿರುವ ದರವಾನರು, ಕೈಗಾಡಿಯ ಮೇಲೆಯೇ ಮಲಗಿದ ಕೂಲಿಗಳು, ಲಾಲ್ ದಿಘಿಯ ನೀರಿನಲ್ಲಿ ಅಂಚೆಯ ಮಹಾಕಛೇರಿಯ ಗುಮ್ಮಟದ ಬಿಂಬ. ನೋಡುವವರೇ ಇಲ್ಲದ ಹೊತ್ತಿನಲ್ಲಿ ಆ ಬಿಂಬ ಅತ್ಯಂತ ರಮ್ಯವಾಗಿರುತ್ತದೆಂಬುದನ್ನೂ ಹೇಳಬೇಕು.

ಈಚಿನ ನಗರಯೋಜಕರ ಬಾಯಲ್ಲಿ ‘ಸಮತೋಲನ’ವೆಂಬ ಮಾತು ಪದೇ ಪದೇ ಕೇಳಿಬರುತ್ತದೆ. ಕಛೇರಿಗೆ ಇಷ್ಟು ಪಾಲು, ವಸತಿಗೆ ಇಷ್ಟು, ಚಿಲ್ಲರೆ ವ್ಯಾಪಾರಕ್ಕೆ ಇಷ್ಟು ಎಂದು ನೆಲವನ್ನು ಹಂಚಿಬಿಟ್ಟರೆ ನಡುಪೇಟೆ ತಾನಾಗಿ ಆರೋಗ್ಯವನ್ನು ಪಡೆಯುವುದೆಂಬುದು ಅವರ ನಂಬಿಕೆ. ಕಷಾಯಕ್ಕೆ ಮೂಲಿಕೆಗಳನ್ನು ತೂಗಿ ಹಾಕುವ ಪಂಡಿತರ ವಿಧಾನವಿದು. ಆದರೆ ಪಂಡಿತರು ತೂಗುವ ಮುನ್ನ ನಾಡಿಯನ್ನು ಹಿಡಿಯುತ್ತಾರೆ. ಬಿ.ಬಿ.ಡಿ. ಬಾಗಿನ ನಾಡಿ ಹಿಡಿದು ನೋಡಿದರೆ ಅಲ್ಲಿಯ ರೋಗ ಪ್ರಮಾಣಕ್ಕಿಂತ ಹೆಚ್ಚಾಗಿ ಕಾಲಕ್ಕೆ ಸಂಬಂಧಿಸಿದ್ದೆಂದು ನನಗೆ ತೋರುತ್ತದೆ. ಅಲ್ಲಿಂದ ಮೊದಲು ಹೊರಟುಹೋದದ್ದು ವಸತಿ. ವಸತಿಯ ಬೆನ್ನಿಗೆ ನಿತ್ಯೋಪಯೋಗದ ಅಂಗಡಿ ಹೋಯಿತು. ಕಡೆಗೆ, ಅವೆರಡನ್ನೂ ಹೊರದೂಡಿದ್ದ ಕಛೇರಿಯೇ ಗಂಟುಮೂಟೆ ಕಟ್ಟತೊಡಗಿತು. ಈ ಕ್ರಮವನ್ನು ಗಮನಿಸದೆ, ಬರಿದಾದ ಕೋಣೆಗಳಿಗೆ ಹೋಟೆಲನ್ನೋ ವಸ್ತುಸಂಗ್ರಹಾಲಯವನ್ನೋ ತುಂಬಬೇಕೆನ್ನುವ ಸಲಹೆಗಳು ಹಗಲಿಗೆ ಹಗಲನ್ನೇ ಕೂಡಿಸುತ್ತವೆ. ರಾತ್ರಿಗೆ ಏನನ್ನೂ ಕೊಡುವುದಿಲ್ಲ.

ವಸತಿ ಮೊದಲು ಹೋಯಿತೆಂಬ ಮಾತಿಗೆ ಆಧಾರ ಬೇಕಷ್ಟೆ. ಆ ಆಧಾರ ಚೌಕದ ಉತ್ತರ ದಿಕ್ಕಿನಲ್ಲಿ ಕೆಂಪಗೆ, ಉದ್ದಕ್ಕೆ ನಿಂತಿದೆ. ರೈಟರ್ಸ್ ಬಿಲ್ಡಿಂಗ್ ಎಂದೊಡನೆ ನಮಗೆ ನೆನಪಾಗುವುದು ಸಚಿವಾಲಯ; ಅದಕ್ಕೂ ಮಿಗಿಲಾಗಿ 1930ರ ಡಿಸೆಂಬರ್ 8. ಅಂದು ಬಿನಯ್ ಬಸು, ಬಾದಲ್ ಗುಪ್ತ, ದಿನೇಶ್ ಗುಪ್ತ ಎಂಬ ಮೂವರು ತರುಣರು ಈ ಕಟ್ಟಡವನ್ನು ಹೊಕ್ಕು ಸೆರೆಮನೆಗಳ ಇನ್‌ಸ್ಪೆಕ್ಟರ್ ಜನರಲ್ ಸಿಂಪ್ಸನ್ನನನ್ನು ಗುಂಡಿಟ್ಟು ಕೊಂದರು. ಸ್ವಾತಂತ್ರ್ಯಾನಂತರ ಡಾಲ್‌ಹೌಸಿ ಚೌಕವು ಅವರ ಹೆಸರುಗಳ ಮೊದಲಕ್ಷರಗಳನ್ನು ಧರಿಸಿತು. ಆದರೆ ಥಾಮಸ್ ಲಯನ್ 1777ರಲ್ಲಿ ಈ ಕಟ್ಟಡವನ್ನು ಆರಂಭಿಸಿದ್ದು ಕಛೇರಿಗಾಗಿ ಅಲ್ಲ. ಈಸ್ಟ್ ಇಂಡಿಯಾ ಕಂಪನಿಯ ‘ರೈಟರ್’ಗಳು, ಎಂದರೆ ಹಡಗಿನಿಂದ ಆಗತಾನೆ ಇಳಿದ ಕಿರಿಯ ಗುಮಾಸ್ತರು, ಇಳಿದುಕೊಂಡು ಊಟಮಾಡಿ ಮಲಗುವುದಕ್ಕಾಗಿ ಕಟ್ಟಿದ ಬಿಡಾರವದು. ಇಂದು ನಾವು ಸರಕಾರದ ಘನತೆಯ ಲಾಂಛನವೆಂದು ತಿಳಿಯುವ ಕಟ್ಟಡದ ಹುಟ್ಟು ಬ್ರಹ್ಮಚಾರಿ ನೌಕರರ ವಸತಿಗೃಹವಾಗಿ ಆಯಿತು. 1800ರಲ್ಲಿ ಸ್ಥಾಪಿತವಾದ ಫೋರ್ಟ್ ವಿಲಿಯಂ ಕಾಲೇಜು ಹಲವು ವರ್ಷ ಇಲ್ಲಿಯೇ ನಡೆಯಿತು. ಅದರಲ್ಲಿ ಬಂಗಾಳಿ, ಸಂಸ್ಕೃತಗಳನ್ನು ಬೋಧಿಸುತ್ತಿದ್ದ ವಿಲಿಯಂ ಕೇರಿಯು 1817ರಲ್ಲಿ ಶ್ರೀರಾಮಪುರದ ಮುದ್ರಣಾಲಯದಿಂದ ಕನ್ನಡ ವ್ಯಾಕರಣವೊಂದನ್ನು ಹೊರತಂದನೆಂಬುದನ್ನು ನಮ್ಮ ವಾಚಕರಿಗೆ ನೆನಪು ಮಾಡಿಕೊಡುವುದು ಅಪ್ರಸ್ತುತವಾಗಲಾರದು. ವಾಸವಿದ್ದಲ್ಲಿ ಪಾಠ, ಪಾಠವಿದ್ದಲ್ಲಿ ಪುಸ್ತಕ. ಈ ಕಟ್ಟಡ ಪೂರ್ಣವಾಗಿ ಬಂಗಾಳದ ಸಚಿವಾಲಯವಾದದ್ದು 1870ರ ದಶಕದ ಕೊನೆಯಿಂದೀಚೆಗೆ. ಇಂದು ಕಾಣುವ ಕಂಬ, ಶಿಲ್ಪಗಳ ವೈಭವವೂ ಆಮೇಲಿನದೇ.

ಚೌಕದ ಉಳಿದ ಬದಿಗಳ ಕಥೆಯೂ ಹೀಗೆಯೇ. ಹಳೆಯ ಕೋಟೆಯ ಆಶ್ರಯದಲ್ಲಿ, ಕೆರೆಯ ಸುತ್ತ ತೋಟಗಳ ನಡುವೆ ಬಿಳಿಯರ ಮನೆಗಳಿದ್ದವು. ಪ್ಲಾಸಿಯ ನಂತರ ಹೊಸ ಕೋಟೆಗಾಗಿ ಗೋವಿಂದಪುರ ಗ್ರಾಮವನ್ನೇ ಎತ್ತಿಸಿ, ಮೈದಾನವನ್ನು ತೆರವು ಮಾಡಿದ ಮೇಲೆ ಶ್ರೀಮಂತ ಬಿಳಿಯರ ವಾಸ ಚೌರಂಗಿಯ ಕಡೆಗೆ ಸರಿಯಿತು. ಹಳೆಯ ಕೋಟೆಯ ನೆಲದ ಒಂದು ಭಾಗದ ಮೇಲೆ ವಾಲ್ಟರ್ ಗ್ರಾನ್‌ವಿಲ್ ಕಟ್ಟಿದ ಅಂಚೆಯ ಮಹಾಕಛೇರಿ 1868ರಲ್ಲಿ ಮುಗಿಯಿತು. ಬ್ಯಾಂಕು, ವಿಮೆ, ಹಡಗು, ಸೆಣಬು, ಚಹಾ ಇವುಗಳ ಏಜೆನ್ಸಿ ಸಂಸ್ಥೆಗಳು ಕ್ಲೈವ್ ಬೀದಿಯನ್ನೂ ಅದರ ಅಕ್ಕಪಕ್ಕವನ್ನೂ ತುಂಬಿದವು. ಅಲ್ಲಿಂದ ಕೂಗಳತೆಯಲ್ಲಿರುವ ಬಡಾಬಜಾರಿನಲ್ಲಾದರೋ ಬೇರೆಯೇ ಬಗೆಯ ನಗರ ಬೆಳೆಯಿತು: ನೆಲದ ಅಂತಸ್ತಿನಲ್ಲಿ ಗದ್ದಿ ಮತ್ತು ಗೋದಾಮು, ಮೇಲೆ ವ್ಯಾಪಾರಿಯ ಕುಟುಂಬ, ಅಂಗಳದಲ್ಲಿ ದೇವರು. ನಮ್ಮ ಬೆಂಗಳೂರಿನ ಚಿಕ್ಕಪೇಟೆ, ಬಳೇಪೇಟೆಗಳಲ್ಲಿ ಕಂಡ ವ್ಯವಸ್ಥೆಯೇ, ಇನ್ನೂ ಒತ್ತಾಗಿ. ಆಂಗ್ಲರು ಇದನ್ನು ಅವ್ಯವಸ್ಥೆಯೆಂದರು. ತಮ್ಮ ಚೌಕವನ್ನು ವ್ಯವಸ್ಥೆಯೆಂದರು. ನಮ್ಮ ಯೋಜಕರು ಸ್ವಾತಂತ್ರ್ಯಾನಂತರವೂ ಬಹುಕಾಲ ಈ ಮಾತನ್ನೇ ನಂಬಿದರು.

ಹಾಗಾದರೆ ಗುಮಾಸ್ತನು ಎಲ್ಲಿ ವಾಸಮಾಡಿದನು? ಕೆಲವರು ಬೌಬಜಾರು, ಶಿಯಾಲ್ದಾ, ಕಾಲೇಜು ಬೀದಿಗಳ ಮೆಸ್ಸುಗಳಲ್ಲಿ. ಬಹುಮಂದಿ ಹೌರಾ, ಶಿಯಾಲ್ದಾ ಮಾರ್ಗದ ರೈಲು ನಿಲ್ದಾಣಗಳ ಊರುಗಳಲ್ಲಿ. ಬಂಗಾಳಿಯ ‘ಡೈಲಿ ಪ್ಯಾಸೆಂಜರ್’ ಎಂಬ ಜೀವಿಯ ಸೃಷ್ಟಿಗೆ ಈ ಚೌಕವೇ ಕಾರಣ. ದಕ್ಷಿಣದಿಂದ ಸ್ಟೆನೋಗ್ರಾಫರುಗಳಾಗಿ, ಲೆಕ್ಕಿಗರಾಗಿ ಬಂದವರು ಲೇಕ್ ಮಾರ್ಕೆಟಿನ ಆಸುಪಾಸಿನಲ್ಲಿ ನೆಲೆಸಿದರು. ಅವರಲ್ಲಿ ತಮಿಳರೇ ಹೆಚ್ಚು, ಕನ್ನಡಿಗರು ಅವರ ನೆರಳಿನಲ್ಲಿ. ಸಂಘ, ಭಜನೆ, ಗ್ರಂಥಾಲಯ, ನವರಾತ್ರಿಯ ಬೊಂಬೆಗಳೆಲ್ಲ ಆ ದಕ್ಷಿಣ ಭಾಗದಲ್ಲಿಯೇ. ಡಾಲ್‌ಹೌಸಿಯಲ್ಲಿ ದುಡಿಮೆ ಮಾತ್ರ. ಇದಕ್ಕೆ ವ್ಯತಿರಿಕ್ತವಾದ ಚಿತ್ರ ಮುಂಬಯಿ ಕೋಟೆ ಪ್ರದೇಶದ್ದು. ಅಲ್ಲಿಯೂ ಬ್ಯಾಂಕು, ಹಡಗು ಕಂಪನಿಗಳೇ. ಆದರೆ ಉಡುಪಿ ಹೋಟೆಲಿನ ಹುಡುಗನು ರಾತ್ರಿ ಗಿರಾಕಿ ಹೋದ ಮೇಲೆ ಆ ಹೋಟೆಲಿನಲ್ಲಿಯೇ ಚಾಪೆ ಹಾಸುತ್ತಿದ್ದನು. ಆದುದರಿಂದಲೇ ಕೋಟೆಯೊಳಗೆ ಕನ್ನಡ ರಾತ್ರಿಶಾಲೆಗಳು ನಡೆದವು. ಆ ಶಾಲೆಗಳಿಂದ ವಕೀಲರು, ಬ್ಯಾಂಕಿನ ಅಧಿಕಾರಿಗಳು, ಲೇಖಕರು ಹೊರಬಂದರು. ನೆಲದ ಮೇಲೆ ಚಾಪೆ ಹಾಸಿದ್ದನ್ನು ನಾನು ಆದರ್ಶವೆಂದು ಹೊಗಳುತ್ತಿಲ್ಲ. ದುಡಿಯುವವನು ದುಡಿಮೆಯ ಸ್ಥಳದ ಸಮೀಪ ರಾತ್ರಿಯಲ್ಲಿದ್ದರೆ ಆ ಸ್ಥಳದಲ್ಲಿ ಏನೆಲ್ಲ ಹುಟ್ಟಬಲ್ಲದೆಂಬುದಕ್ಕೆ ನಮ್ಮದೇ ಚರಿತ್ರೆಯ ಸಾಕ್ಷಿಯನ್ನು ತೋರಿಸುತ್ತಿದ್ದೇನೆ.

ಇನ್ನು ಯೋಜನೆಗಳ ವಿಚಾರ. ಕಲ್ಕತ್ತೆಗೆ ಯೋಜನೆಗಳ ಬಡತನ ಎಂದೂ ಇರಲಿಲ್ಲ. 1912ರ ಹೊತ್ತಿಗೆ ಕಾರ್ಯಾರಂಭ ಮಾಡಿದ ಇಂಪ್ರೂವ್‌ಮೆಂಟ್ ಟ್ರಸ್ಟು ಹಳೆಯ ಮೊಹಲ್ಲೆಗಳನ್ನು ಸೀಳಿ ಅಗಲವಾದ ರಸ್ತೆಗಳನ್ನು ತೆಗೆಯಿತು. ಪ್ಯಾಟ್ರಿಕ್ ಗೆಡ್ಡಿಸ್ 1919ರಲ್ಲಿ ಕಾರ್ಪೊರೇಷನ್ನಿಗಾಗಿ ಬಡಾಬಜಾರನ್ನು ಕುರಿತು ವರದಿ ಬರೆದನು. ನೇರರೇಖೆಯ ರಸ್ತೆಗಾಗಿ ನೂರಾರು ಮನೆ ಕೆಡವುವ ಬದಲು, ಒಂದೊಂದು ಗಲ್ಲಿಯನ್ನೂ ನಡೆದು ನೋಡಿ, ಕೆಟ್ಟುದನ್ನಷ್ಟೇ ತೆಗೆದು ಉಳಿದುದನ್ನು ಉಳಿಸುವುದು ಅವನು ಭಾರತದ ಊರೂರುಗಳಲ್ಲಿ ಬೋಧಿಸಿದ ಮಾರ್ಗ. ಅವನ ಮಾತನ್ನು ಹೊಗಳಿದವರು ಅನೇಕರು, ನಡೆಸಿದವರು ವಿರಳ. ಮುಂದೆ ದೇಶವಿಭಜನೆ, ನಿರಾಶ್ರಿತರು, ಕಾಲರಾ, 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಆಗಮನ, 1961ರಲ್ಲಿ ಡಾ. ಬಿಧಾನಚಂದ್ರ ರಾಯರ ಆಸಕ್ತಿಯಿಂದ ಮಹಾನಗರ ಯೋಜನಾ ಸಂಸ್ಥೆಯ ಸ್ಥಾಪನೆ. ಫೋರ್ಡ್ ಫೌಂಡೇಷನ್ನಿನ ನೆರವು. 1966ರಲ್ಲಿ ಇಪ್ಪತ್ತು ವರ್ಷಗಳಿಗೆ ಅನ್ವಯಿಸುವ ಮೂಲ ಅಭಿವೃದ್ಧಿ ಯೋಜನೆ. ನೀರು, ಚರಂಡಿ, ಬಸ್ತಿ, ಸಂಚಾರಗಳನ್ನು ಅದು ಮುಂದಿಟ್ಟುದು ಸರ್ವಥಾ ನ್ಯಾಯ. ಕಾಲರಾದಿಂದ ಜನ ಸಾಯುತ್ತಿರುವಾಗ ಚೌಕದ ಸಂಜೆಯ ಸೊಬಗನ್ನು ಯಾರು ಚಿಂತಿಸಿಯಾರು?

ಆದರೆ ನಡುಪೇಟೆಯ ವಿಷಯದಲ್ಲಿ ಆ ಕಾಲದ ಯೋಜಕರ ಚಿತ್ತವನ್ನು ಆಕ್ರಮಿಸಿದ್ದುದು ಒಂದೇ ಪದ: ದಟ್ಟಣೆ. ಉತ್ತರದಲ್ಲಿ ಕಲ್ಯಾಣಿ-ಬಾನ್ಸ್‌ಬೇರಿಯಾ ಎಂಬ ಎರಡನೆಯ ಕೇಂದ್ರವನ್ನು ಬೆಳೆಸಿ ಭಾರವನ್ನಿಳಿಸಬೇಕೆಂದರು. ಪೂರ್ವದಲ್ಲಿ ಉಪ್ಪುನೀರಿನ ಜೌಗನ್ನು ತುಂಬಿಸಿ, ಯುಗೋಸ್ಲಾವಿಯದ ತೋಷ್ಕೊವಿಚ್ ರಚಿಸಿದ ನಕ್ಷೆಯಂತೆ ಬಿಧಾನ್‌ನಗರವನ್ನು ಕಟ್ಟಿದರು. ಸರಕಾರಿ ಇಲಾಖೆಗಳು ಅಲ್ಲಿಯ ಭವನಗಳಿಗೆ ಹೋದವು. ತರುವಾಯ ಗಣಕಯಂತ್ರದ ಉದ್ಯಮ ಐದನೆಯ ಸೆಕ್ಟರಿಗೆ, 1999ರ ನಂತರ ರಾಜಾರ್‌ಹಾಟಿನ ನ್ಯೂ ಟೌನಿಗೆ. ಇಲ್ಲೊಂದು ತರ್ಕದೋಷವಿದೆ. ದಟ್ಟಣೆಯೆಂದು ಅವರು ಎಣಿಸಿದುದು ಹಗಲಿನ ಜನರನ್ನು. ರಾತ್ರಿಯಲ್ಲಿ ಚೌಕ ಬರಿದು. ಬರಿದಾದುದರಿಂದಲೇ ಬೆಳಗ್ಗೆ ಅಷ್ಟು ಜನ ಒಂದೇ ತಾಸಿನಲ್ಲಿ ನುಗ್ಗಬೇಕು, ಸಂಜೆ ಒಂದೇ ತಾಸಿನಲ್ಲಿ ಹೊರಡಬೇಕು. ಅಂದರೆ ದಟ್ಟಣೆಗೆ ಅರ್ಧ ಕಾರಣ ನಿರ್ಜನತೆಯೇ. ಇದಕ್ಕೆ ಕಛೇರಿಯನ್ನು ಕಳಿಸಿಬಿಡುವುದನ್ನು ಚಿಕಿತ್ಸೆಯೆಂದು ಅವರು ಬಗೆದರು. ಮನೆಯನ್ನು ಕರೆತರುವುದೂ ಒಂದು ಚಿಕಿತ್ಸೆಯೆಂದು ಅವರಿಗೆ ಹೊಳೆಯಲಿಲ್ಲ. 1961ರಲ್ಲಿಯೇ, ಅಂದರೆ ಕಲ್ಕತ್ತೆಯ ಯೋಜನಾ ಸಂಸ್ಥೆ ಹುಟ್ಟಿದ ವರ್ಷವೇ, ಅಮೆರಿಕದ ಜೇನ್ ಜೇಕಬ್ಸ್ ಎಂಬ ಮಹಿಳೆ ತನ್ನ ಪ್ರಸಿದ್ಧ ಗ್ರಂಥದಲ್ಲಿ ನ್ಯೂಯಾರ್ಕಿನ ವಾಲ್ ಸ್ಟ್ರೀಟ್ ಪ್ರದೇಶವನ್ನು ದೃಷ್ಟಾಂತವಾಗಿಟ್ಟುಕೊಂಡು ಹೊತ್ತುಗಳ ಈ ಅಸಮತೆಯನ್ನು ವಿವರಿಸಿದ್ದಳು. ಆ ಪುಸ್ತಕ ಯೋಜಕರ ಮೇಜಿನ ಮೇಲಿರಲಿಲ್ಲವೆಂದು ನಾನು ಹೇಳಲಾರೆ; ನಕ್ಷೆಯ ಮೇಲಂತೂ ಅದರ ನೆರಳು ಬೀಳಲಿಲ್ಲ.

ವಿಧಿಯ ವ್ಯಂಗ್ಯ 2013ರಲ್ಲಿ ಪೂರ್ಣವಾಯಿತು. ಆ ವರ್ಷದ ಅಕ್ಟೋಬರಿನಲ್ಲಿ, ದುರಸ್ತಿಯ ನಿಮಿತ್ತ, ರಾಜ್ಯದ ಸಚಿವಾಲಯ ರೈಟರ್ಸ್ ಬಿಲ್ಡಿಂಗನ್ನು ಬಿಟ್ಟು ನದಿಯ ಆಚೆ ಶಿಬ್‌ಪುರದ ‘ನಬಾನ್ನ’ಕ್ಕೆ ಹೋಯಿತು. ಆ ಹದಿನಾಲ್ಕು ಅಂತಸ್ತಿನ ಕಟ್ಟಡ ಸಿದ್ಧ ಉಡುಪಿನ ವ್ಯಾಪಾರಕ್ಕೆಂದು ಎಬ್ಬಿಸಿದ್ದು. ವಾಸಕ್ಕೆಂದು ಕಟ್ಟಿದ ಮನೆಯಿಂದ ಎದ್ದ ಕಛೇರಿ, ಅಂಗಡಿಗೆಂದು ಕಟ್ಟಿದ ಮನೆಯಲ್ಲಿ ಕುಳಿತಿತು! ಅದೇ ವರ್ಷ, 1908ರಲ್ಲಿ ಸ್ಥಾಪಿತವಾಗಿ ಹತ್ತಿರದ ಲಯನ್ಸ್ ರೇಂಜಿನಲ್ಲಿದ್ದ ಷೇರುಪೇಟೆಯ ವಹಿವಾಟೂ ನಿಂತಿತು. ಸಾವಿರಾರು ನೌಕರರೂ ಅವರನ್ನು ಹುಡುಕಿಕೊಂಡು ಜಿಲ್ಲೆಜಿಲ್ಲೆಗಳಿಂದ ಬರುತ್ತಿದ್ದ ಅರ್ಜಿದಾರರೂ ಇಲ್ಲವಾದಾಗ ಮೊದಲು ಕಂಗೆಟ್ಟವರು ಫುಟ್‌ಪಾತಿನ ಅನ್ನದ ಅಂಗಡಿಯವರು. ದಟ್ಟಣೆ ಇಳಿಯಿತು, ನಿಜ. ಆದರೆ ಆ ಜಾಗದಲ್ಲಿ ಒಂದು ಮನೆಯೂ ಏಳಲಿಲ್ಲ. ಕಛೇರಿ ಹೋದರೆ ವಸತಿ ತಾನಾಗಿ ಬರುತ್ತದೆಂಬ ಊಹೆ ಎಷ್ಟು ಪೊಳ್ಳೆಂಬುದು ಇದರಿಂದ ಸಿದ್ಧಿಸುತ್ತದೆ. ಇಡೀ ನಗರಸಭೆಯ ಮೇರೆಯೊಳಗಿನ ಜನಸಂಖ್ಯೆಯೇ 2001ರಲ್ಲಿ 45,72,876 ಇದ್ದುದು 2011ರಲ್ಲಿ 44,96,694ಕ್ಕೆ ಇಳಿದಿತ್ತೆಂಬುದನ್ನು ಇಲ್ಲಿ ಜ್ಞಾಪಿಸಿಕೊಳ್ಳಬೇಕು.

ಪ್ರಾಚೀನ ವಾಸ್ತುವಿನ ರಕ್ಷಣೆಗಾಗಿ ಹೋರಾಡಿದವರನ್ನು ಕುರಿತು ಒಂದೆರಡು ಮಾತು. ಅವರ ಉಪಕಾರ ದೊಡ್ಡದು. 1833ರಲ್ಲಿ ಕಟ್ಟಿದ ಕರೆನ್ಸಿ ಬಿಲ್ಡಿಂಗನ್ನು 1990ರ ದಶಕದಲ್ಲಿ ಕೆಡವತೊಡಗಿ, ನಡುವಣ ಗುಮ್ಮಟಗಳು ಬಿದ್ದ ಮೇಲೆ ಕೆಲಸ ನಿಂತಿತು. ಪುರಾತತ್ತ್ವ ಇಲಾಖೆ ಅದನ್ನು ಕೈಗೆತ್ತಿಕೊಂಡು ಸರಿಪಡಿಸಿ, 2020ರ ಜನವರಿಯಲ್ಲಿ ಅದು ವಸ್ತುಪ್ರದರ್ಶನದ ಮನೆಯಾಗಿ ತೆರೆಯಿತು. ವಿಶ್ವ ಸ್ಮಾರಕ ನಿಧಿಯು 2004ರಲ್ಲೂ 2006ರಲ್ಲೂ ಡಾಲ್‌ಹೌಸಿ ಚೌಕವನ್ನು ಅಪಾಯದಲ್ಲಿರುವ ಸ್ಥಳಗಳ ಪಟ್ಟಿಗೆ ಸೇರಿಸಿದ ಬಳಿಕ ಜಗತ್ತಿನ ಗಮನ ಇತ್ತ ಹರಿಯಿತು. ಬಳಿಯ ಗ್ರೇಟ್ ಈಸ್ಟರ್ನ್ ಹೋಟೆಲು ಖಾಸಗಿಯವರ ಕೈಸೇರಿ 2013ರಲ್ಲಿ ಮತ್ತೆ ಬಾಗಿಲು ತೆರೆಯಿತು. ಇವೆಲ್ಲ ಸಂತೋಷದ ವಿಷಯಗಳೇ. ನನ್ನ ಆಕ್ಷೇಪ ರುಚಿಯ ಬಗೆಗಲ್ಲ, ದೃಷ್ಟಿಯ ಬಗೆಗೆ. ರಕ್ಷಕರು ಕಟ್ಟಡದ ಮುಖವನ್ನು ನೋಡುತ್ತಾರೆ. ಅದರ ದಿನಚರಿಯನ್ನು ನೋಡುವುದಿಲ್ಲ. ವಸ್ತುಪ್ರದರ್ಶನ ಸಂಜೆಗೆ ಮುಚ್ಚುತ್ತದೆ. ಐಷಾರಾಮದ ಹೋಟೆಲಿನಲ್ಲಿ ರಾತ್ರಿ ತಂಗುವವನು ಆ ಬೀದಿಯ ಸಾಬೂನನ್ನೂ ಸೊಪ್ಪನ್ನೂ ಕೊಳ್ಳುವವನಲ್ಲ. ಬಣ್ಣ ಬಳಿದು ದೀಪ ಹಾಕಿದ ಮೋರೆಗಳ ಹಿಂದೆ ಕತ್ತಲು ತುಂಬಿದ ಮಹಡಿಗಳಿದ್ದರೆ ನಾವು ರಕ್ಷಿಸಿದ್ದು ಪರದೆಯನ್ನು ಮಾತ್ರ.

ಅಂಗಡಿಯ ಪ್ರಶ್ನೆಗೆ ಬಂದರೆ, ಬಿ.ಬಿ.ಡಿ. ಬಾಗಿನ ನಿಜವಾದ ಚಿಲ್ಲರೆ ವ್ಯಾಪಾರ ನಡೆಯುವುದು ಗೋಡೆಗಳ ಹೊರಗೆ. ಡೇಕರ್ಸ್ ಲೇನಿನ ಹೆಸರನ್ನು ಕೇಳದ ಕಲ್ಕತ್ತೆಯ ಗುಮಾಸ್ತನಿಲ್ಲ. ಅಧಿಕೃತವಾಗಿ ಜೇಮ್ಸ್ ಹಿಕ್ಕಿಯ ಹೆಸರು ಹೊತ್ತ ಆ ಗಲ್ಲಿಯಲ್ಲಿ ಪಾವ್-ಸ್ಟೂ, ಘೂಗ್ನಿ, ಖಿಚುಡಿ, ಮೀನು-ಅನ್ನ, ಯಾವ ವೇತನದವನಿಗೂ ದಕ್ಕುವ ದರದಲ್ಲಿ. ಕಛೇರಿಯ ಸಂಬಳ ಇಷ್ಟು ಕಡಿಮೆಯಿದ್ದರೂ ಸಂಸಾರಗಳು ನಡೆದುದು ಈ ಅಗ್ಗದ ಊಟದ ಪುಣ್ಯದಿಂದ. ಎಂದರೆ ಹಾಕರನು ಕಂಪನಿಗೆ ಕೊಟ್ಟ ಸಹಾಯಧನ ಯಾವ ಜಮಾಖರ್ಚಿನಲ್ಲೂ ಬರೆಯದೆ ಹೋಯಿತು. 1996ರ ನವೆಂಬರಿನಲ್ಲಿ ‘ಆಪರೇಷನ್ ಸನ್‌ಷೈನ್’ ಎಂಬ ಹೆಸರಿನಿಂದ ನಗರದ ಮುಖ್ಯ ಬೀದಿಗಳ ಹಾಕರರನ್ನು ಎತ್ತಿಸಿದರು. ಕೆಲವು ಕಾಲದ ಮೇಲೆ ಅವರು ಹಿಂದಿರುಗಿದರು, ಏಕೆಂದರೆ ಗಿರಾಕಿಯ ಹಸಿವು ಎಲ್ಲಿಗೂ ಹೋಗಿರಲಿಲ್ಲ. 2014ರ ಬೀದಿಬದಿ ವ್ಯಾಪಾರಿಗಳ ಕಾಯಿದೆಯಿಂದ ಅವರಿಗೆ ಶಾಸನದ ಮಾನ್ಯತೆಯಾದರೂ ದೊರೆಯಿತು. ಆದರೂ ಈ ವ್ಯಾಪಾರದ ದೌರ್ಬಲ್ಯವನ್ನು ಮುಚ್ಚಿಡಬಾರದು. ಮಧ್ಯಾಹ್ನದ ಎರಡು ಮೂರು ತಾಸಿನಲ್ಲಿ ಇಡೀ ದಿನದ ಗಳಿಕೆಯಾಗಬೇಕು; ಭಾನುವಾರ ಸೊನ್ನೆ; ಪೂಜೆಯ ರಜೆಯಲ್ಲಿ ಸೊನ್ನೆ. 2020ರ ಪಿಡುಗಿನ ತಿಂಗಳುಗಳಲ್ಲಿ, ಕಛೇರಿಗಳು ಬಾಗಿಲು ಹಾಕಿದಾಗ, ಮನೆಗಳ ನಡುವಣ ತರಕಾರಿಯವನಿಗೆ ಹೇಗೋ ಕೊಳ್ಳುವವರು ಸಿಕ್ಕಿದರು. ಕಛೇರಿಗಳ ನಡುವಣ ಅನ್ನದವನಿಗೆ ಯಾರೂ ಉಳಿಯಲಿಲ್ಲ. ಒಂದೇ ಬಗೆಯ ಗಿರಾಕಿಯನ್ನು ನಂಬಿದ ಅಂಗಡಿ, ಒಂದೇ ಬಾವಿಯನ್ನು ನಂಬಿದ ಹೊಲ.

ಹಾಗೆಂದು ಬಡಾಬಜಾರಿನ ಮಾದರಿಯನ್ನು ಕಣ್ಣುಮುಚ್ಚಿ ಹೊಗಳುವುದೂ ಸಲ್ಲದು. ಒಂದೇ ಮನೆಯಲ್ಲಿ ಸರಕು, ಒಲೆ, ಹಾಸಿಗೆ ಸೇರಿದಾಗ ಬೆಂಕಿಯೂ ಸೇರಿಕೊಳ್ಳುತ್ತದೆ. 2008ರ ಜನವರಿಯಲ್ಲಿ ನಂದರಾಮ್ ಮಾರ್ಕೆಟ್, 2018ರ ಸೆಪ್ಟೆಂಬರಿನಲ್ಲಿ ಕ್ಯಾನಿಂಗ್ ಬೀದಿಯ ಬಾಗ್ರಿ ಮಾರ್ಕೆಟ್ ದಿನಗಟ್ಟಲೆ ಉರಿದವು. ಮನೆಗಳೂ ಕಛೇರಿಗಳೂ ಕೂಡಿದ್ದ ಪಾರ್ಕ್ ಸ್ಟ್ರೀಟಿನ ಸ್ಟೀಫನ್ ಕೋರ್ಟಿನಲ್ಲಿ 2010ರ ಮಾರ್ಚ್ 23ರಂದು 43 ಮಂದಿ ಸತ್ತರು. ಆದರೆ ಕಛೇರಿಯೇ ಆಗಿದ್ದ, ಸ್ಟ್ರ್ಯಾಂಡ್ ರಸ್ತೆಯ ಹೊಸ ಕೊಯ್ಲಾಘಾಟ್ ಕಟ್ಟಡದಲ್ಲಿಯೂ 2021ರ ಮಾರ್ಚಿನಲ್ಲಿ 9 ಮಂದಿ ಪ್ರಾಣ ತೆತ್ತರು. ಬೆಂಕಿ ವಿನಿಯೋಗದ ಭೇದವೆಣಿಸಲಿಲ್ಲ. ಮುಚ್ಚಿದ ಮೆಟ್ಟಿಲು, ಹಳಸಿದ ತಂತಿ, ಲೆಕ್ಕ ಮೀರಿ ಏರಿಸಿದ ಮಹಡಿ, ಇವು ಯಾವ ಮನೆಯನ್ನಾದರೂ ಚಿತೆಯಾಗಿಸಬಲ್ಲವು. ಇವನ್ನು ಸರಿಪಡಿಸುವವರಾರು? ಇಲ್ಲಿಯೇ ಬಾಡಿಗೆಯ ಕಾನೂನು ಅಡ್ಡಬರುತ್ತದೆ. 1956ರ ಬಾಡಿಗೆ ಕಾಯಿದೆಯೂ ಅದಕ್ಕೂ ಹಿಂದಿನವೂ ಬಡ ಬಾಡಿಗೆದಾರನಿಗೆ ರಕ್ಷಣೆಯಾಗಿ ಹುಟ್ಟಿದವು. ಕಾಲಕ್ರಮದಲ್ಲಿ ಆ ರಕ್ಷಣೆಯ ಬಹುಪಾಲು ಕಂಪನಿಗಳಿಗೂ ಗೋದಾಮುಗಳಿಗೂ ಸಂದಿತು. ದಶಕಗಳ ಹಿಂದೆ ಗೊತ್ತಾದ ಬಾಡಿಗೆ ಯಜಮಾನನ ಸುಣ್ಣದ ಖರ್ಚಿಗೂ ಸಾಲದು. ಬಾಡಿಗೆದಾರ ಬಿಡುವುದಿಲ್ಲ, ಯಜಮಾನ ಮುಟ್ಟುವುದಿಲ್ಲ. ಮುಂಬಯಿಯ ಪಗಡಿಯಂತೆ ಇಲ್ಲಿ ಸಲಾಮಿ ಕೈಬದಲಾಗುತ್ತದೆ. 2001ರಲ್ಲಿ ಜಾರಿಗೆ ಬಂದ 1997ರ ಕಾಯಿದೆ ಹೆಚ್ಚಿನ ಬಾಡಿಗೆಯ ಕಟ್ಟಡಗಳನ್ನು ತನ್ನ ಹಿಡಿತದಿಂದ ಬಿಟ್ಟಿತಾದರೂ, ಹಳೆಯ ಅಗ್ಗದ ಬಾಡಿಗೆಗಳ ಗಂಟು ಸಡಿಲವಾಗಲಿಲ್ಲ.

ಹೊರಗಿನ ಎರಡು ಅನುಭವಗಳು ಇಲ್ಲಿ ಪ್ರಯೋಜನಕ್ಕೆ ಬರುತ್ತವೆ. ಡಾಲ್‌ಹೌಸಿ ಯಾವುದರ ಅನುಕರಣವೋ ಆ ಲಂಡನ್ ‘ಸಿಟಿ’ಯಲ್ಲಿ, ಯುದ್ಧದ ಬಾಂಬುಗಳಿಂದ ಹಾಳಾದ ಕ್ರಿಪಲ್‌ಗೇಟ್ ವಾರ್ಡಿನಲ್ಲಿ 1951ರಲ್ಲಿ ಉಳಿದ ನಿವಾಸಿಗಳು 48 ಮಂದಿ. ನಿವಾಸಿಗಳಿಲ್ಲದ ನಗರಸಭೆಗೆ ತನ್ನ ಅಸ್ತಿತ್ವದ ಬಗೆಗೇ ಸಂಶಯ ಹುಟ್ಟಿತು. ಅಲ್ಲಿಯ ಕಾರ್ಪೊರೇಷನ್ನು ಹೆಚ್ಚು ಲಾಭದ ಕಛೇರಿಯ ಆಸೆಯನ್ನು ಬಿಟ್ಟು, 1957ರಲ್ಲಿ ವಸತಿಯ ನಿರ್ಣಯ ಮಾಡಿ, 1976ರ ಹೊತ್ತಿಗೆ ಬಾರ್ಬಿಕನ್ ಎಂಬಲ್ಲಿ ಎರಡು ಸಾವಿರಕ್ಕೂ ಮಿಕ್ಕ ಮನೆಗಳನ್ನು ಕಟ್ಟಿತು. ಶಾಲೆ, ರಂಗಮಂದಿರ, ಗ್ರಂಥಾಲಯಗಳು ಅದರೊಳಗೇ ಬಂದವು. ಅದು ಬಡಗುಮಾಸ್ತನ ಮನೆಯಾಗಲಿಲ್ಲವೆಂಬುದನ್ನೂ ಹೇಳಬೇಕು, ಉಳ್ಳವರ ಪಾಲಾಯಿತು. ಎರಡನೆಯದು ನಮ್ಮಲ್ಲಿ ಅನೇಕರು ಕಣ್ಣಾರೆ ಕಂಡದ್ದು. 1982ರ ಮುಷ್ಕರದ ತರುವಾಯ ಮುಚ್ಚಿದ ಮುಂಬಯಿಯ ಗಿರಣಿಗಳ ನೆಲವನ್ನು ಮೂರು ಪಾಲು ಮಾಡಿ, ಒಂದು ಪಾಲು ನಗರಸಭೆಯ ಬಯಲಿಗೆ, ಒಂದು ಸಾಮಾನ್ಯರ ವಸತಿಗೆ, ಒಂದು ಮಾಲಿಕರಿಗೆ ಎಂದು 1991ರ 58ನೆಯ ನಿಯಮ ಹೇಳಿತು. ಇದಕ್ಕಿಂತ ಸಮನಾದ ತಕ್ಕಡಿಯನ್ನು ಯಾರು ಹಿಡಿದಾರು? 2001ರ ತಿದ್ದುಪಡಿಯಲ್ಲಿ, ಹಂಚತಕ್ಕದ್ದು ಗಿರಣಿಯ ಇಡೀ ನೆಲವಲ್ಲ, ಕಟ್ಟಡಗಳಿಲ್ಲದ ಖಾಲಿ ನೆಲ ಮಾತ್ರ ಎಂದು ಅರ್ಥ ಬದಲಾಯಿತು. 2006ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಪರಿಣಾಮ, ಪರೇಲಿನ ಮಾಲುಗಳೂ ಗಾಜಿನ ಕಛೇರಿಗಳೂ. ಒಂದು ಶಬ್ದದ ಅರ್ಥ ಸರಿದುದರಿಂದ ಮೂರು ಪಾಲಿನ ಸಮತೋಲನ ಮಗುಚಿಬಿತ್ತು. ಪ್ರಮಾಣಗಳ ಮೇಲೆ ಮಾತ್ರ ಭರವಸೆಯಿಡುವ ಯೋಜನೆಗೆ ನಾನು ಹೆದರುವುದು ಇದಕ್ಕಾಗಿ.

ಹಾಗಾದರೆ ಬಿ.ಬಿ.ಡಿ. ಬಾಗಿನಲ್ಲಿ ಏನು ಮಾಡಬಹುದು? ಮೊದಲ ಕೆಲಸ ಎಣಿಕೆ. ಅಲ್ಲಿ ಈಗಲೇ ರಾತ್ರಿ ಕಳೆಯುವವರಿದ್ದಾರೆ: ದರವಾನರು, ಅವರ ಊರಿನಿಂದ ಬಂದ ತಮ್ಮಂದಿರು, ಅಡಿಗೆಯ ಹಾಕರರು, ಬಡಾಬಜಾರಿನ ಹೊರೆಯಾಳುಗಳು. ಇವರು ಯಾವ ನಕ್ಷೆಯಲ್ಲಿಯೂ ನಿವಾಸಿಗಳಲ್ಲ. ವಸತಿಯೆಂದಾಗ ಯೋಜಕನ ಕಣ್ಣಿಗೆ ನದಿಯನ್ನು ನೋಡುವ ಬೆಲೆಬಾಳುವ ಫ್ಲ್ಯಾಟುಗಳು ಕಾಣುತ್ತವೆ. ನಾನು ಹೇಳುವ ವಸತಿ ಸ್ನಾನಕ್ಕೆ ನೀರು, ಪೆಟ್ಟಿಗೆಗೆ ಬೀಗ, ಮಲಗಲು ಮಂಚ ಎಂಬಲ್ಲಿಂದ ಆರಂಭವಾಗುತ್ತದೆ. ಎರಡನೆಯದು, ಸರಕಾರದ ಸ್ವಂತ ಕಟ್ಟಡಗಳು. ಖಾಸಗಿ ಯಜಮಾನನ ಗಂಟನ್ನು ಬಿಡಿಸಲು ನ್ಯಾಯಾಲಯದಲ್ಲಿ ಒಂದು ತಲೆಮಾರು ಬೇಕಾದೀತು. ಸರಕಾರಕ್ಕೆ ತನ್ನ ಕೋಣೆಯನ್ನು ತಾನೇ ಕೊಡಲು ಯಾರ ಅಪ್ಪಣೆ ಬೇಕು? ರೈಟರ್ಸ್ ಬಿಲ್ಡಿಂಗಿನ ಮುಂಭಾಗ ಆಡಳಿತಕ್ಕೂ ಚರಿತ್ರೆಗೂ ಮೀಸಲಾಗಿರಲಿ. ಹಿಂದಣ ಅಂಕಣಗಳಲ್ಲಿ ಒಂದೆರಡನ್ನಾದರೂ ಕೆಳದರ್ಜೆಯ ನೌಕರರಿಗೆ, ದುಡಿಯುವ ಹೆಣ್ಣುಮಕ್ಕಳಿಗೆ, ಜಿಲ್ಲೆಗಳಿಂದ ಬರುವ ವಿದ್ಯಾರ್ಥಿಗಳಿಗೆ ಬಿಡಾರವಾಗಿ ಕೊಟ್ಟರೆ ಆ ಕಟ್ಟಡ ತನ್ನ ಹುಟ್ಟಿನ ಧರ್ಮಕ್ಕೆ ಮರಳಿದಂತಾಗುತ್ತದೆ. ಭದ್ರತೆಯ ಹೆಸರಿನಲ್ಲಿ ಇದನ್ನು ನಗೆಯಾಡುವವರಿದ್ದಾರೆ. ಸಚಿವರ ಕಿಟಕಿಯ ಪಕ್ಕದಲ್ಲಿ ಒಗೆದ ಸೀರೆ ಒಣಗುವುದನ್ನು ನಮ್ಮ ಆಡಳಿತಗಾರರು ಸಹಿಸಲಾರರೆಂಬುದು ನನಗೂ ಗೊತ್ತು. ಆದರೆ ಬಿಡಾರವೇ ಕಛೇರಿಯಾಗಿ ನೂರೈವತ್ತು ವರ್ಷಗಳ ಹತ್ತಿರ ನಡೆದಿರುವಾಗ, ಕಛೇರಿಯ ಒಂದು ಮೂಲೆ ಬಿಡಾರವಾಗುವುದು ಅಷ್ಟೇನೂ ಅಸಂಗತವಲ್ಲ.

ಅಂಗಡಿಯನ್ನು ಕುರಿತು ಪ್ರತ್ಯೇಕವಾದ ಯೋಜನೆ ಬೇಕಿಲ್ಲವೆಂದೇ ನನ್ನ ಅಭಿಪ್ರಾಯ. ಐನೂರು ಸಂಸಾರಗಳು ಬಂದು ನಿಂತರೆ ಹಾಲಿನವನು, ಔಷಧದವನು, ದರ್ಜಿ, ಮಕ್ಕಳ ಸ್ಲೇಟು ಮಾರುವವನು ಕರೆಯದೆಯೇ ಬರುತ್ತಾರೆ. ಡೇಕರ್ಸ್ ಲೇನಿನ ಒಲೆ ರಾತ್ರಿಯೂ ಉರಿಯುತ್ತದೆ. ನಗರಸಭೆ ಮಾಡಬೇಕಾದುದು ನೀರಿನ ನಲ್ಲಿ, ಬೆಂಕಿಯ ಮೆಟ್ಟಿಲು, ಒಂದು ಪ್ರಾಥಮಿಕ ಶಾಲೆ. ಮಾಲು ಕಟ್ಟಿಸಿ ಜನರನ್ನು ಕರೆಯುವ ಹವಣಿಕೆಯನ್ನು ಮಾತ್ರ ಈ ಚೌಕದ ಹತ್ತಿರ ತರದಿರಲಿ.

ಈಗ ಕೇಳಿಬರುವ ಪ್ರಬಲ ಪೂರ್ವಪಕ್ಷ ಮೆಟ್ರೋದ್ದು. ಹೂಗ್ಲಿಯ ಅಡಿಯಲ್ಲಿ ಸುರಂಗ ಕೊರೆದು, 2024ರ ಮಾರ್ಚಿನಲ್ಲಿ ಹೌರಾ ಮೈದಾನದಿಂದ ಎಸ್‌ಪ್ಲನೇಡಿಗೆ ರೈಲು ಬಂತು. ನಡುವೆ ಲಾಲ್ ದಿಘಿಯ ಪಕ್ಕದಲ್ಲಿ ನಿಲ್ದಾಣ. 2019ರ ಆಗಸ್ಟಿನಲ್ಲಿ ಇದೇ ಮಾರ್ಗದ ಸುರಂಗ ತೋಡುವಾಗ ಬೌಬಜಾರಿನ ಮನೆಗಳು ಕುಸಿದು ಅನೇಕ ಕುಟುಂಬಗಳು ಬೀದಿಗೆ ಬಂದವು. ಕಛೇರಿಗೆ ಹೋಗುವವರ ಅನುಕೂಲಕ್ಕಾಗಿ ನಡುಪೇಟೆಯ ಹಳೆಯ ವಾಸಿಗಳು ತೆತ್ತ ಬೆಲೆಯದು. 2025ರ ಆಗಸ್ಟಿನಲ್ಲಿ ಮಾರ್ಗ ಪೂರ್ಣವಾಗಿ, ಹೌರಾದಿಂದ ಐದನೆಯ ಸೆಕ್ಟರಿನವರೆಗೆ ಒಂದೇ ಗಾಡಿ ಓಡತೊಡಗಿತು. ಇಷ್ಟು ಸುಲಭವಾಗಿ ಬಂದುಹೋಗಬಹುದಾದರೆ ಚೌಕದಲ್ಲಿ ವಾಸಮಾಡುವ ಅಗತ್ಯವೇನೆಂದು ಅವರು ಕೇಳುತ್ತಾರೆ. ಗಾಡಿ ಎರಡು ದಿಕ್ಕಿಗೂ ಓಡುತ್ತದೆಯಷ್ಟೆ. ಚೌಕದಲ್ಲಿ ಮಲಗಿ, ಬೆಳಗ್ಗೆ ಐದನೆಯ ಸೆಕ್ಟರಿಗೆ ದುಡಿಯಲು ಹೋಗುವವನಿಗೂ ಅದೇ ಗಾಡಿ. ಆ ನಿಲ್ದಾಣಕ್ಕೆ ಇಟ್ಟ ಹೆಸರು ‘ಮಹಾಕರಣ್’, ಅಂದರೆ ಸಚಿವಾಲಯ. ಹೆಸರುಹಲಗೆ ಏರುವ ಹೊತ್ತಿಗೆ ಸಚಿವಾಲಯ ಹೊರಟು ಹತ್ತು ವರ್ಷ ಕಳೆದಿತ್ತು. ಸಂಜೆ ಏಳರ ಮೇಲೆ ಅಲ್ಲಿ ಹತ್ತುವವರು ಎಷ್ಟು, ಇಳಿಯುವವರು ಎಷ್ಟು ಎಂಬುದನ್ನು ಬಾಗಿಲಿನ ಯಂತ್ರ ತಾನೇ ಎಣಿಸುತ್ತದೆ. ನಡುಪೇಟೆಗೆ ಮುಂದೆ ನಕ್ಷೆ ಬರೆಯಕೂಡುವವರು ಮೊದಲು ತರಿಸಿಕೊಳ್ಳಬೇಕಾದ ಲೆಕ್ಕ ಅದು.